ವಿಶೇಷ: ಇಲ್ಲ

ಡಿಸೆಂಬರ್ 6

ಅಪ್ಪನಿಗೆ,

ನಮಸ್ಕಾರವನ್ನು ಕೊನೆಯಲ್ಲಿ ಬರೆಯುತ್ತೇನೆ, ಅಷ್ಟು ಹೊತ್ತಿಗೆ ಬರೆಯುವ ಮನಸ್ಸು ಉಳಿದಿದ್ದರೆ.

ಫೋನು ಮಾಡಬೇಡಿ. ಹದಿನೈದು ದಿನದಿಂದ ನಿಮ್ಮ ಒಂದು ಕರೆಯನ್ನೂ ನಾನು ಎತ್ತಿಲ್ಲ, ಇನ್ನು ಮುಂದೆಯೂ ಎತ್ತುವುದಿಲ್ಲ. ಬಾಯಲ್ಲಿ ಆಡಿದ್ದನ್ನು ಆಡಿಯೇ ಇಲ್ಲ ಎಂದುಬಿಡಬಹುದು. ಏನಿದ್ದರೂ ಕಾಗದದಲ್ಲಿ ಬರಲಿ. ಬರೆದದ್ದಕ್ಕೇ ಬೆಲೆ ಎಂದು ನನಗೆ ಹೇಳಿಕೊಟ್ಟವರು ನೀವೇ ಅಲ್ಲವೇ?

ಇವತ್ತು ವಿಚಾರಣೆಯ ಮೂರನೇ ದಿನ. ಬಂದರು ಕಚೇರಿಯ ಮಹಡಿ, ಒಂದು ಉದ್ದ ಮೇಜು, ಕಾಲು ಸರಿಯಿಲ್ಲದ ಕುರ್ಚಿ ನನಗೆ. ವಿಚಾರಣೆಯ ಅಧಿಕಾರಿ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ ಹೇಳು" ಎಂದರು. ಹೇಳಿದೆ. ನಿಮಗೂ ಹೇಳುತ್ತೇನೆ. ನನ್ನ ಬಾಯಿಂದ ನೀವು ಇದನ್ನು ಇನ್ನೂ ಕೇಳಿಲ್ಲ.

ನವೆಂಬರ್ 21, ರಾತ್ರಿ ಎಂಟೂ ಕಾಲಿನ ಆಸುಪಾಸು. ನಾನು ಕ್ರೇನಿನ ಕ್ಯಾಬಿನ್ನಿನಲ್ಲಿದ್ದೆ. ಕೊಕ್ಕೆಯಲ್ಲಿ ಕಬ್ಬಿಣದ ಪೈಪುಗಳ ಕಟ್ಟು ತೂಗುತ್ತಿತ್ತು. ಕೆಳಗೆ ಕಟ್ಟು ಬಿಚ್ಚಿಕೊಳ್ಳಲು ನಿಂತಿದ್ದವನು ಮೀಸೆ, ದಪ್ಪ ಮೀಸೆಯಿಂದಾಗಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಒಂಬತ್ತು ವರ್ಷದಿಂದ ನನ್ನ ಕೊಕ್ಕೆಯ ಕೆಳಗೆ ನಿಂತವನು ಅವನೇ, ಬೇರೆ ಯಾರೂ ಅಲ್ಲ. ಕಟ್ಟು ಅವನ ಸೊಂಟದ ಮಟ್ಟಕ್ಕೆ ಬಂದಿತ್ತು. ಆಗ ಸಮುದ್ರದ ಕಡೆಯಿಂದ ಆಕಾಶಕ್ಕೆ ಬೆಂಕಿ ಬಿದ್ದ ಹಾಗಾಯಿತು. ಉಲ್ಕೆ. ಎಷ್ಟು ಬೆಳಕು ಎಂದರೆ ಕ್ಯಾಬಿನ್ನಿನ ಗಾಜಿನ ಮೇಲೆ ನನ್ನದೇ ಬೆರಳಚ್ಚುಗಳು ಕಂಡವು. ಕಣ್ಣು ಕತ್ತಲೆ ಕಟ್ಟಿತು. ಎಡಗೈ ಮುಖ ಮುಚ್ಚಿಕೊಂಡಿತು, ಬಲಗೈ ಕಟ್ಟನ್ನು ಇಳಿಸುವ ಲಿವರನ್ನು ಮುಂದಕ್ಕೆ ದೂಡಿತು. ಅಷ್ಟೇ. ಕಣ್ಣು ತೆರೆದು ಕೆಳಗೆ ನೋಡಿದರೆ ಕಟ್ಟು ನೆಲದ ಮೇಲಿತ್ತು, ಮೀಸೆಯ ಕಾಲು ಅದರ ಅಡಿಯಲ್ಲಿತ್ತು. ಮೀಸೆ ಕೂಗಲಿಲ್ಲ. ಕೂಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಕಟ್ಟನ್ನು ಎತ್ತಿದೆ. ಮೇಸ್ತ್ರಿ ಸೈರನ್ ಒತ್ತಿದರು. ಅದೆಲ್ಲ ಆದ ಮೇಲೆ, ನನ್ನ ಬೆನ್ನ ಹಿಂದೆ ತೂಗುಹಾಕಿದ್ದ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ನಿಮ್ಮದು. ನಾನು ಎತ್ತಲಿಲ್ಲ.

ನನ್ನ ಕೈ ತಪ್ಪಿದ್ದು ನಿಜ. ಅದನ್ನು ನಾನು ಮೊದಲ ದಿನವೇ ಒಪ್ಪಿಕೊಂಡಿದ್ದೇನೆ. ಯಾಕೆ ತಪ್ಪಿತು ಎಂಬುದೇ ಪ್ರಶ್ನೆ. ಮೇಸ್ತ್ರಿಯ ಪ್ರಕಾರ ನಾನು ಫೋನಿನಲ್ಲಿದ್ದೆ. ಫೋನಿನಲ್ಲಿ ನಿಮ್ಮ ಕರೆ ಎಂಟೂ ಹದಿನಾರಕ್ಕೆ ಬಂದಿದೆ. ಮೇಸ್ತ್ರಿ ನನ್ನ ಫೋನು ಕಸಿದುಕೊಂಡು ನೋಡಿ, ಅಪಘಾತದ ಹೊತ್ತೂ ಎಂಟೂ ಹದಿನಾರು ಎಂದು ಬರೆದುಕೊಂಡರು. ಅಪ್ಪ ಫೋನು ಮಾಡಿದ, ಮಗಳು ಚೀಲಕ್ಕೆ ಕೈ ಹಾಕಿದಳು, ಒಬ್ಬನ ಕಾಲು ಹೋಯಿತು. ಕೇಳಲು ಎಷ್ಟು ಸಲೀಸಾಗಿದೆ ನೋಡಿ.

ಉಲ್ಕೆಯ ಮಾತು ಎತ್ತಿದ್ದಕ್ಕೆ ಅಧಿಕಾರಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ತರಿಸಿದರು. ಕೊಲ್ಲಿಯ ಆಚೆ ದಡದ ಕಾವಲು ಗೋಪುರದ ಪುಸ್ತಕ. ನಿಮ್ಮ ಪುಸ್ತಕ. ನಿಮ್ಮ ಮುತ್ತು ಪೋಣಿಸಿದಂಥ ಅಕ್ಷರ. "ಎಂಟರಿಂದ ಒಂಬತ್ತು. ಆಕಾಶ: ಶುಭ್ರ. ವಿಶೇಷ: ಇಲ್ಲ."

"ಊರಲ್ಲಿ ನೋಡಿದವರಿದ್ದಾರೆ ಸರ್. ಪೇಪರಲ್ಲೂ ನಾಲ್ಕು ಸಾಲು ಬಂದಿತ್ತು" ಎಂದೆ.

"ಊರವರು ನೂರು ಹೇಳ್ತಾರಮ್ಮ. ಒಬ್ರು ಏಳೂವರೆ ಅಂತಾರೆ, ಇನ್ನೊಬ್ರು ಹತ್ತು ಗಂಟೆ ಅಂತಾರೆ. ಬಂದರಿನ ಮೇಲೆ ಏನಾಯ್ತು ಅನ್ನೋಕೆ ಬಂದರಿನ ಪುಸ್ತಕ ಇದೆ. ಬರೆದಿರೋರು ನಿಮ್ಮಪ್ಪನೇ. ಹೆತ್ತ ಮಗಳ ವಿರುದ್ಧ ಅವರ್ಯಾಕಮ್ಮ ಸುಳ್ಳು ಬರೀತಾರೆ?"

ಆಮೇಲೆ ನಿಮ್ಮ ಹೇಳಿಕೆಯನ್ನು ಓದಿದರು. ಮಗಳಿಗೆ ಯಾಕೆ ಫೋನು ಮಾಡಿದಿರಿ ಎಂದು ಕೇಳಿದ್ದಕ್ಕೆ ನೀವು ಹೇಳಿದ್ದು: "ಊಟ ಆಯ್ತಾ ಅಂತ ಕೇಳೋಕೆ."

ಅಪ್ಪಾ, ನಾನು ಹನ್ನೊಂದು ವರ್ಷದಿಂದ ಆ ಕ್ರೇನು ಏರುತ್ತಿದ್ದೇನೆ. ನನ್ನ ಪಾಳಿಯ ಹೊತ್ತಿನಲ್ಲಿ ನೀವು ಒಂದೇ ಒಂದು ದಿನ ಫೋನು ಮಾಡಿದ್ದುಂಟೇ? ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗಲೂ ನನ್ನ ಪಾಳಿ ಮುಗಿಯಲಿ ಎಂದು ಆಸ್ಪತ್ರೆಯಲ್ಲಿ ಕಾದು ಕೂತವರು ನೀವು. ಊಟವಂತೆ!

ಒಂದೇ ಪ್ರಶ್ನೆ. ನಿಜವಾಗಿ ಯಾಕೆ ಫೋನು ಮಾಡಿದಿರಿ? ಅದಕ್ಕಷ್ಟೇ ಉತ್ತರ ಬರೆಯಿರಿ. ಬೇರೆ ಬುದ್ಧಿಮಾತು ಬೇಡ.

ನಿಮ್ಮ ಮಗಳು

(ನಮಸ್ಕಾರ ಬರೆಯುವ ಮನಸ್ಸು ಉಳಿಯಲಿಲ್ಲ.)


ಡಿಸೆಂಬರ್ 13

ಮಗಳಿಗೆ,

ನಾವು ಇಬ್ಬರೂ ಇದ್ದೇವೆ. ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ. ಎಣ್ಣೆ ಹಚ್ಚು ಎಂದರೆ ಕೇಳುವುದಿಲ್ಲ.

ನಿನ್ನ ಕಾಗದ ತಲುಪಿತು. ಅಪ್ಪನಿಗೆ ಬರೆಯುವ ರೀತಿ ಅದಲ್ಲ. ಆದರೂ ನೀನು ನೊಂದಿದ್ದೀಯ, ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಬುದ್ಧಿಮಾತು ಬೇಡ ಎಂದಿದ್ದೀಯ. ಬುದ್ಧಿ ಬೇಡವಾದಾಗಲೇ ಅದರ ಅಗತ್ಯ ಹೆಚ್ಚು. ಅಧಿಕಾರಿ ಕೆಟ್ಟವರಲ್ಲ ಎಂದು ನೀನೇ ಬರೆದಿದ್ದೀಯ. ಅಂಥವರ ಮುಂದೆ ಹಟ ಹಿಡಿಯಬಾರದು. ಗಮನ ತಪ್ಪಿತು, ಕ್ಷಮಿಸಿ ಎಂದು ಎರಡು ಸಾಲು ಬರೆದುಕೊಟ್ಟರೆ ನೆಲದ ಮೇಲಿನ ಕೆಲಸ ಕೊಡುತ್ತಾರೆ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಗೋದಾಮಿನಲ್ಲಿ ಚೀಟಿ ಬರೆಯುವುದು ಮರ್ಯಾದೆಯ ಕೆಲಸವೇ. ದಿನಾ ಅಷ್ಟು ಎತ್ತರ ಹತ್ತಿ ಇಳಿಯುವುದೂ ತಪ್ಪುತ್ತದೆ. ನಿನಗೂ ವಯಸ್ಸು ನಿಂತಿಲ್ಲ. ಅದು ಬಿಟ್ಟು ಆಕಾಶದಲ್ಲಿ ಹಸಿರು ಬೆಳಕು ಬಂತು, ಕಣ್ಣು ಕುಕ್ಕಿತು ಎಂದು ಹೇಳುತ್ತಾ ಹೋದರೆ ಕೇಳುವವರು ನಗುತ್ತಾರೆ.

ನನ್ನ ವಿಷಯ ಹೇಳುವುದಾದರೆ, ಬರೆದದ್ದು ಬರೆದದ್ದೇ. ಮೂವತ್ತೆರಡು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಒಂದು ಗೀಟು ಹೊಡೆದದ್ದಿಲ್ಲ, ಒಂದು ತಿದ್ದುಪಡಿ ಇಲ್ಲ. ಮಾರ್ಚ್ 31ಕ್ಕೆ ನನ್ನ ನಿವೃತ್ತಿ. ಹೊಸಬರಿಗೆ ಮಾದರಿ ಎಂದು ನನ್ನ ಪುಸ್ತಕವನ್ನು ಕಚೇರಿಯ ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ. ದೊಡ್ಡ ಸಾಹೇಬರೇ ಹೇಳಿದರು.

ಫೋನು ಮಾಡಿದ್ದು ಊಟ ಆಯ್ತಾ ಎಂದು ಕೇಳುವುದಕ್ಕೇ. ಮಗಳನ್ನು ಊಟ ಆಯ್ತಾ ಎಂದು ಕೇಳಲು ಅಪ್ಪ ಯಾರ ಅಪ್ಪಣೆ ಪಡೆಯಬೇಕು?

ಆರೋಗ್ಯ ನೋಡಿಕೋ.

ಆಶೀರ್ವಾದಗಳೊಂದಿಗೆ,
ಅಪ್ಪ


ಡಿಸೆಂಬರ್ 17

ಅಪ್ಪನಿಗೆ,

ಹಸಿರು ಎಂದು ನಿಮಗೆ ಯಾರು ಹೇಳಿದರು?

ನನ್ನ ಕಾಗದದಲ್ಲಿ ನಾನು ಬಣ್ಣ ಬರೆದಿಲ್ಲ. ನಕಲು ಇಟ್ಟುಕೊಂಡಿದ್ದೇನೆ, ಮೂರು ಸಲ ಓದಿ ನೋಡಿದೆ. ವಿಚಾರಣೆಯಲ್ಲೂ ಬೆಳಕು ಎಂದೆನೇ ಹೊರತು ಬಣ್ಣ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಪೇಪರಿನಲ್ಲಿ ಬಂದದ್ದು "ಬಿಳಿಯ ಬೆಳಕು" ಎಂದು. ಅದು ಹಸಿರಾಗಿತ್ತು, ಅಪ್ಪಾ. ತುದಿಯಲ್ಲಿ ಹಸಿರು, ಬಾಲದಲ್ಲಿ ಕೆಂಪು. ಅದು ನನಗೆ ಗೊತ್ತು. ನಿಮಗೂ ಗೊತ್ತು.

ನೀವು ನಿದ್ದೆ ಹೋಗಿದ್ದಿರೇನೋ ಎಂದು ನಾನು ಎಷ್ಟು ದಿನ ನಿಮ್ಮ ಪರವಾಗಿ ನನ್ನೊಳಗೇ ವಾದ ಮಾಡಿದೆ ಗೊತ್ತೇ? ಪಾಪ, ವಯಸ್ಸಾಯಿತು, ರೆಪ್ಪೆ ಮುಚ್ಚಿರಬೇಕು, ಹೇಳಿಕೊಳ್ಳಲು ನಾಚಿಕೆ. ನಿದ್ದೆ ಮಾಡಿದ್ದರೆ ಕ್ಷಮಿಸುತ್ತಿದ್ದೆ. ನೀವು ಕಣ್ಣು ಬಿಟ್ಟುಕೊಂಡು ನೋಡಿದಿರಿ, ನೋಡಿಯೂ ಇಲ್ಲ ಎಂದು ಬರೆದಿರಿ.

ಅಲ್ಲ, ಬರೆದಿರಿ ಎನ್ನುವುದೂ ತಪ್ಪು. ನೋಡುವ ಮೊದಲೇ ಬರೆದಿದ್ದಿರಿ.

ನಿನ್ನೆ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ನೆನಪಾಯಿತು. ನನಗೆ ಆರು ವರ್ಷ. ಸಂಜೆ ಶಾಲೆ ಬಿಟ್ಟು ನಿಮಗೆ ಊಟದ ಡಬ್ಬಿ ತರುತ್ತಿದ್ದೆ. ನೂರಾ ಹನ್ನೆರಡು ಮೆಟ್ಟಿಲು. ಸೂರ್ಯ ಇನ್ನೂ ಮುಳುಗಿರುತ್ತಿರಲಿಲ್ಲ. ನೀವು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕೈಗೆ ಪೆನ್ನು ಕೊಟ್ಟು, ಕಾವಲಿನ ಪುಸ್ತಕದ ಕೊನೆಯ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಬರೆಸುತ್ತಿದ್ದಿರಿ. ಆರರಿಂದ ಏಳು, ಇಲ್ಲ. ಏಳರಿಂದ ಎಂಟು, ಇಲ್ಲ. ಬೆಳಗಿನ ಆರರ ತನಕ ಹನ್ನೆರಡು ಸಲ. "ಲ ಕೆಳಗೆ ಒತ್ತು ಸರಿಯಾಗಿ ಹಾಕು ಪುಟ್ಟಿ" ಎನ್ನುತ್ತಿದ್ದಿರಿ. ನಾನು ಕಲಿತ ಮೊದಲ ಒತ್ತಕ್ಷರ ಅದು. ಇಡೀ ರಾತ್ರಿ ಏನೂ ನಡೆಯಲಿಲ್ಲ ಎಂದು ಆರು ವರ್ಷದ ಹುಡುಗಿ ಸೂರ್ಯ ಮುಳುಗುವ ಮೊದಲೇ ಬರೆದು ಮುಗಿಸಿ, ಡಬ್ಬಿ ತೊಳೆದುಕೊಂಡು ಮನೆಗೆ ಹೋಗುತ್ತಿದ್ದಳು.

ಆಗ ಅದೊಂದು ಆಟ ಎಂದುಕೊಂಡಿದ್ದೆ. ಈಗ ನನ್ನ ಕೆಲಸ, ನನ್ನ ಹೆಸರು, ಮೀಸೆಯ ನಂಬಿಕೆ ಎಲ್ಲವನ್ನೂ ಅದೇ ಕಾಲಮ್ಮಿನಲ್ಲಿ ಇಟ್ಟು ಇಲ್ಲ ಎಂದುಬಿಟ್ಟಿರಿ. ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ! ಇಡಲಿ. ಪಕ್ಕದಲ್ಲೇ ಮೀಸೆಯ ಬೂಟನ್ನೂ ಇಡಲು ಹೇಳಿ. ಎಡಗಾಲಿನದು ಹೇಗೂ ಅವನಿಗೆ ಬೇಕಿಲ್ಲ.

ಮಗಳು


ಜನವರಿ 2

ಮಗಳಿಗೆ,

ಹದಿನೈದು ದಿನ ಕೈ ತಡೆದುಕೊಂಡೆ. ಈಗಲೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಇರಲಿ.

ಹೌದು, ಸಂಜೆಯೇ ಬರೆಯುತ್ತೇವೆ. ನಾನೊಬ್ಬನೇ ಅಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಹಾಗೇ ಬರೆದರು, ಅವರಿಗೆ ಕಲಿಸಿದವರೂ ಹಾಗೇ ಬರೆದರು. ಯಾಕೆ ಎಂದು ಯಾವತ್ತಾದರೂ ಕೇಳಿದೆಯಾ? ಗೋಪುರದಲ್ಲಿ ರಾತ್ರಿ ದೀಪ ಹಚ್ಚುವ ಹಾಗಿಲ್ಲ. ಕತ್ತಲಲ್ಲಿ ಕೂತವನಿಗೆ ಮಾತ್ರ ಸಮುದ್ರ ಕಾಣುತ್ತದೆ. ಗಂಟೆಗೊಮ್ಮೆ ದೀಪ ಹಚ್ಚಿ ಬರೆದರೆ ಆಮೇಲೆ ಹತ್ತು ಹದಿನೈದು ನಿಮಿಷ ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಒಂದು ದೋಣಿ ಮುಳುಗಬಹುದು. ಗಂಟೆಗೊಮ್ಮೆ ಬರೆಯಿರಿ ಎಂದು ನಿಯಮ ಮಾಡಿದವರು ಕಚೇರಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತವರು. ಗಾಳಿಮಳೆಯ ದಿನ ಕಾಲಂ ಖಾಲಿ ಬಿಡುತ್ತೇವೆ. ಶುಭ್ರವಾಗಿರುವ ದಿನ ಬೆಳಕಿದ್ದಾಗಲೇ ಬರೆದಿಟ್ಟು, ದೀಪ ಆರಿಸಿ, ಬೆಳಗಿನ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತೇವೆ. ಮೂವತ್ತೆರಡು ವರ್ಷದಲ್ಲಿ ನನ್ನ ಪಾಳಿಯಲ್ಲಿ ಒಂದು ದೋಣಿ ಹೋಗಿಲ್ಲ. ಒಂದು ನಿಮಿಷ ಮಲಗಿಲ್ಲ. ನನ್ನ ಕೈ ಮೊದಲೇ ಕೆಲಸ ಮುಗಿಸಿತ್ತು, ಕಣ್ಣು ಮುಗಿಸಿರಲಿಲ್ಲ.

ನೋಡಿದೆ. ಸರಿಯೇ? ನೋಡಿದೆ. ಆದರೆ ಪುಸ್ತಕದಲ್ಲಿ ಆಗಲೇ ಇಲ್ಲ ಎಂದಿತ್ತು. ಬೆಳಿಗ್ಗೆ ಬದಲಾಯಿಸೋಣ ಎಂದರೆ ಗೀಟು ಹೊಡೆಯಬೇಕು. ಬೆಳಿಗ್ಗೆ ಆರಕ್ಕೆ ಮೊದಲೇ ಕಚೇರಿಯವರು ಬಂದು ಪುಸ್ತಕ ಒಯ್ದರು. ಆಮೇಲೆ ನಾನು ಏನು ಹೇಳಿದರೂ ಮುಂದಿನ ಪ್ರಶ್ನೆ ಒಂದೇ: "ಹಾಗಾದ್ರೆ ಇದನ್ನ ಯಾವಾಗ ಬರೆದ್ರಿ?" ಅಲ್ಲಿಂದ ಹಿಂದಕ್ಕೆ ಮೂವತ್ತೆರಡು ವರ್ಷದ ಪುಟ ತಿರುವುತ್ತಾರೆ. ಕಳ್ಳ ಎನ್ನುತ್ತಾರೆ. ಜೊತೆಗಿರುವ ಇನ್ನಿಬ್ಬರು ಕಾವಲಿನವರ ಕೆಲಸಕ್ಕೂ ಕುತ್ತು. ಅವರಿಗೂ ಸಂಸಾರವಿದೆ.

ಆ ಮನುಷ್ಯನ ಕಾಲು ನನ್ನ ಪುಸ್ತಕದಿಂದ ಹೋಗಲಿಲ್ಲ. ನಿನ್ನ ಕೈಯಿಂದ ಹೋಯಿತು. ಇದನ್ನು ಬರೆಯಬಾರದೆಂದು ಎರಡು ಸಲ ಪೆನ್ನು ಕೆಳಗಿಟ್ಟೆ. ನೀನೇ ಬರೆಸಿದೆ.

ಅವತ್ತು ಮೊದಲ ಸಲ ಒತ್ತು ಸರಿಯಾಗಿ ಹಾಕಿದಾಗ ನಿನ್ನನ್ನು ಹೆಗಲ ಮೇಲೆ ಹೊತ್ತು ಇಡೀ ಗೋಪುರ ಇಳಿದಿದ್ದೆ. ನೂರಾ ಹನ್ನೆರಡು ಮೆಟ್ಟಿಲು. ಅದು ನಿನಗೆ ನೆನಪಾಗಲಿಲ್ಲ.

ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟು ಒಂಬತ್ತು ದಿನವಾಯಿತು. ಏನು ಹೇಳುವುದಿದ್ದರೂ ತಟ್ಟೆ ಕುಕ್ಕಿಯೇ ಹೇಳುತ್ತಾಳೆ.

ಅಪ್ಪ


ಜನವರಿ 28

ಕಾವಲು ಗೋಪುರದ ಹಿರಿಯರಿಗೆ,

ನಾನು ಯಾರು ಅಂತ ನಿಮಗೆ ಗೊತ್ತಿರಬೇಕು. ನನ್ನನ್ನ ಎಲ್ಲರೂ ಮೀಸೆ ಅಂತಾರೆ. ಆಸ್ಪತ್ರೆಯಲ್ಲಿ ಮೀಸೆ ಬೋಳಿಸಿಬಿಟ್ಟಿದ್ದಾರೆ, ಈಗ ಹೆಸರೊಂದೇ ಉಳಿದಿರೋದು. ನನಗೆ ಬರೆಯೋಕೆ ಅಷ್ಟಾಗಿ ಬರಲ್ಲ, ಮಾತಾಡೋ ಹಾಗೇ ಬರೀತೀನಿ.

ಎಡಗಾಲು ಮಂಡಿಯಿಂದ ಕೆಳಗೆ ತೆಗೆದಿದ್ದಾರೆ. ಇಲ್ಲದೇ ಇರೋ ಹೆಬ್ಬೆರಳು ರಾತ್ರಿಯೆಲ್ಲ ಕೆರೆಯುತ್ತೆ. ಎಲ್ಲಿ ಅಂತ ಕೆರ್ಕೊಳ್ಳಲಿ ಹೇಳಿ.

ನಿಮ್ಮ ಮಗಳು ಎರಡು ಸಲ ಬಂದಳು. ಮೊದಲನೇ ಸಲ ಹೊರಗೆ ಹೋಗು ಅಂದೆ. ಎರಡನೇ ಸಲ ಕೂತುಕೋ ಅಂದೆ, ಆದರೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ಮೇಸ್ತ್ರಿ ನನಗೆ ಬಂದು ಹೇಳಿದ್ದು, ಅವಳು ಫೋನಲ್ಲಿದ್ದಳು ಅಂತ. ಒಂಬತ್ತು ವರ್ಷ ನಾನು ಮೇಲೆ ನೋಡದೆ ಕೆಲಸ ಮಾಡಿದ್ದೀನಿ. ಮೇಲೆ ಅವಳಿದ್ದಾಳೆ ಅಂದರೆ ನೋಡಬೇಕಾಗೇ ಇರಲಿಲ್ಲ. ಅಂಥವಳು ಫೋನಿಗೋಸ್ಕರ ನನ್ನ ಕಾಲು ತೆಗೆದಳಾ?

ಆದರೆ ಒಂದು ವಿಷಯ ನನ್ನ ತಲೆಯಿಂದ ಹೋಗ್ತಾ ಇಲ್ಲ. ಅದನ್ನ ವಿಚಾರಣೆಯವರಿಗೆ ಹೇಳಿದೆ, ನೋವಿಗೆ ಕೊಟ್ಟ ಔಷಧಿಯಿಂದ ಹಾಗನ್ನಿಸಿರುತ್ತೆ ಅಂದರು. ಅದಕ್ಕೆ ನಿಮಗೆ ಬರೀತಿದ್ದೀನಿ. ಅಂಗಳದ ದೊಡ್ಡ ದೀಪಗಳು ನನ್ನ ಹಿಂದೆ ಇರ್ತವೆ. ಹಾಗಾಗಿ ನನ್ನ ನೆರಳು ಯಾವಾಗಲೂ ಮುಂದೆ ಬಿದ್ದಿರುತ್ತೆ, ತೆಳ್ಳಗೆ, ಅಲ್ಲಾಡದೆ. ಅವತ್ತು ಪೈಪಿನ ಕಟ್ಟಿಗೆ ಕೈ ಹಾಕಬೇಕು ಅನ್ನೋವಾಗ ನನಗೆ ಇನ್ನೊಂದು ನೆರಳು ಬಂತು. ಇದ್ದಿಲಿನ ಹಾಗೆ ಕಪ್ಪು. ಅದು ನನ್ನ ಕಾಲ ಸುತ್ತ ಓಡಿತು ಹಿರಿಯರೇ. ಎಡಗಡೆಯಿಂದ ಬಲಗಡೆಗೆ. ನಾನು ನಿಂತಿದ್ದೀನಿ, ನೆರಳು ಓಡ್ತಿದೆ. ಅದನ್ನ ನೋಡ್ತಾ ನಿಂತುಬಿಟ್ಟೆ, ಇಲ್ಲದಿದ್ದರೆ ಕಾಲು ಹಿಂದೆ ತಗೋತಿದ್ದೆ. ಔಷಧಿ ಕೊಟ್ಟಿದ್ದು ಆಮೇಲೆ.

ಅಂಗಳದ ದೀಪ ಓಡಾಡಲ್ಲ. ಹಾಗಿದ್ದ ಮೇಲೆ ಓಡಿದ್ದು ಯಾವುದು?

ನನಗೆ ನಿಮ್ಮಿಂದ ಬೇರೇನೂ ಬೇಡ. ಕಾಲು ವಾಪಸ್ಸು ಬರಲ್ಲ. ಮೇಲಿದ್ದವಳು ನನ್ನನ್ನ ಮರೆತು ಫೋನು ನೋಡ್ತಿದ್ದಳಾ, ಇಲ್ಲ ಅವಳಿಗೂ ನನ್ನ ಹಾಗೇ ಆಯ್ತಾ, ಅದೊಂದು ತಿಳಿದರೆ ರಾತ್ರಿ ಸ್ವಲ್ಪ ಕಣ್ಣು ಮುಚ್ಚಬಹುದು. ನಿಮ್ಮ ಗೋಪುರದಿಂದ ಎಲ್ಲ ಕಾಣುತ್ತೆ ಅಂತಾರೆ. ನೀವು ಏನು ನೋಡಿದಿರಿ, ಹೇಳಿ.

ಇತಿ,
ಮೀಸೆ


ಫೆಬ್ರವರಿ 20

ಅಪ್ಪನಿಗೆ,

ಇದು ಸುದ್ದಿ ತಿಳಿಸುವ ಕಾಗದ ಮಾತ್ರ.

ವಿಚಾರಣೆ ಮುಗಿಯಿತು. ಒಂದು ಹಾಳೆ ಕೊಟ್ಟಿದ್ದಾರೆ. "ಕೆಲಸದ ವೇಳೆ ಖಾಸಗಿ ಕರೆಯಿಂದಾಗಿ ಗಮನ ತಪ್ಪಿ ಅಪಘಾತಕ್ಕೆ ಕಾರಣಳಾದೆ." ಅದರ ಕೆಳಗೆ ನನ್ನ ಸಹಿಗೆ ಜಾಗ. ಮಾರ್ಚ್ 10ರೊಳಗೆ ಸಹಿ ಹಾಕಿದರೆ ಗೋದಾಮಿನಲ್ಲಿ ಚೀಟಿ ಬರೆಯುವ ಕೆಲಸ, ನೀವು ವಿಚಾರಿಸಿಟ್ಟದ್ದೇ. ಹಾಕದಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಕ್ರೇನಿನ ಪರವಾನಗಿಯೂ ಹೋಗುತ್ತದೆ, ಇನ್ನು ಯಾವ ಬಂದರಿನಲ್ಲೂ ಏರುವ ಹಾಗಿಲ್ಲ.

ನಾನು ಸಹಿ ಹಾಕುವುದಿಲ್ಲ. ನಡೆಯದೇ ಇದ್ದದ್ದನ್ನು ಬರೆದುಕೊಡುವ ಕೆಲಸ ಆರನೇ ವಯಸ್ಸಿನಲ್ಲಿ ಸಾಕಷ್ಟು ಮಾಡಿದ್ದೇನೆ.

ದಿನಾ ಸಂಜೆ ಕ್ರೇನು ಏರಿದ ಕೂಡಲೇ ಕ್ಯಾಬಿನ್ನಿನ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುತ್ತಿದ್ದೆ, ನಿಮಗೆ ಕಾಣಲಿ ಎಂದು. ನೀವು ಅದನ್ನೂ ಪುಸ್ತಕದಲ್ಲಿ ಬರೆಯಲಿಲ್ಲ, ಬರೆಯುವಂಥದ್ದೂ ಅಲ್ಲ. ಆದರೆ ನೋಡುತ್ತಿದ್ದಿರಿ ಎಂದು ನಂಬಿಕೊಂಡಿದ್ದೆ. ಈಗ ಕೊಲ್ಲಿಯ ಆಚೆ ನೋಡಿದರೆ ಅಲ್ಲಿ ಯಾರೋ ಇದ್ದಾರೆ ಎಂದು ಅನ್ನಿಸುವುದೇ ಇಲ್ಲ.

ಇದಾದ ಮೇಲೆ ನಾನು ಬರೆಯುವುದಿಲ್ಲ. ಅಮ್ಮನಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿ.

ಮಗಳು


ಮಾರ್ಚ್ 4

ವಿಚಾರಣೆಯ ಅಧಿಕಾರಿಗಳಿಗೆ,
ಬಂದರು ಕಚೇರಿ.

ಮಾನ್ಯರೇ,

ಕಾವಲು ಗೋಪುರದ ಹಿರಿಯ ಕಾವಲುಗಾರನಾದ ನಾನು, ನವೆಂಬರ್ 21ರ ಅಪಘಾತದ ಬಗ್ಗೆ ಈ ಹಿಂದೆ ಕೊಟ್ಟ ಹೇಳಿಕೆ ಸುಳ್ಳು. ಆ ದಿನದ ಪುಸ್ತಕದಲ್ಲಿ ನಾನು ಬರೆದದ್ದೂ ಸುಳ್ಳು. ಅದನ್ನು ಬರೆದದ್ದು ಆ ಸಂಜೆ ಐದೂ ಮುಕ್ಕಾಲಿಗೆ, ಮರುದಿನ ಬೆಳಗಿನ ಆರರ ತನಕ ಒಟ್ಟಿಗೆ. ಮೂವತ್ತೆರಡು ವರ್ಷ ಶುಭ್ರ ಆಕಾಶದ ಎಲ್ಲ ದಿನಗಳಲ್ಲೂ ಹೀಗೇ ಬರೆದಿದ್ದೇನೆ. ಬೇರೆಯವರು ಹೇಗೆ ಬರೆಯುತ್ತಾರೆ ಎಂದು ನನ್ನನ್ನು ಕೇಳಬೇಡಿ. ನನ್ನದನ್ನು ಮಾತ್ರ ಹೇಳುತ್ತೇನೆ. ಹಳೆಯ ಕೆಲವು ಪುಸ್ತಕಗಳಲ್ಲಿ ಒಂದು ಮಗುವಿನ ಅಕ್ಷರ ಸಿಗುತ್ತದೆ. ಮಗುವಿನದು ತಪ್ಪಿಲ್ಲ, ಪೆನ್ನು ಕೊಟ್ಟು ಬರೆಸಿದವನು ನಾನು.

ಆ ರಾತ್ರಿಯದನ್ನು ಈಗ ಬರೆಯುತ್ತಿದ್ದೇನೆ. ಮೂರೂವರೆ ತಿಂಗಳು ತಡವಾಗಿದೆ.

ನವೆಂಬರ್ 21. ಎಂಟರಿಂದ ಒಂಬತ್ತು. ಗಾಳಿ: ಈಶಾನ್ಯದಿಂದ, ಮಂದ. ಸಮುದ್ರ: ಶಾಂತ. ಆಕಾಶ: ಶುಭ್ರ, ಚಂದ್ರನಿಲ್ಲ.

ವಿಶೇಷ: ಇದೆ.

ಎಂಟು ಗಂಟೆ ಹದಿಮೂರು ನಿಮಿಷಕ್ಕೆ ವಾಯವ್ಯದಲ್ಲಿ, ಸಮುದ್ರದ ಮೇಲೆ, ಒಂದು ಉಲ್ಕೆ ಕಾಣಿಸಿತು. ಮುಂಭಾಗ ಹಸಿರು, ಬಾಲ ಕೆಂಪು. ಹುಣ್ಣಿಮೆ ಚಂದ್ರನಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕು. ಗೋಪುರದ ಕಂಬಿಗಳ ನೆರಳು ನೆಲದ ಮೇಲೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿದುಹೋಯಿತು. ಕೊಕ್ಕೆಯ ಕೆಳಗಿದ್ದ ಕಾರ್ಮಿಕ ತನ್ನ ನೆರಳು ಓಡಿತು ಎಂದು ಹೇಳಿದ್ದು ಔಷಧಿಯಿಂದಲ್ಲ, ನಿಜ. ಉಲ್ಕೆ ಬಂದರಿನ ಅಂಗಳದ ನೇರಕ್ಕೆ ಸಾಗಿ ದಕ್ಷಿಣಕ್ಕೆ ಹೋಯಿತು. ಅದರ ಮುಂದಿನದು ಈ ವಿಚಾರಣೆಗೆ ಬೇಕಿಲ್ಲ.

ಮಿಂಚು ಕಂಡರೆ ಗುಡುಗು ಬರುವ ತನಕ ಎಣಿಸುವುದು ನಮ್ಮ ಕೆಲಸದ ಅಭ್ಯಾಸ. ಎಷ್ಟು ದೂರ ಎಂದು ತಿಳಿಯಲು. ಇದಕ್ಕೂ ಸದ್ದು ಬರಬಹುದೆಂದು ಎಣಿಸತೊಡಗಿದೆ. ನಲವತ್ತೊಂದು ಎನ್ನುವಾಗ ಅಂಗಳದ ಅಪಘಾತದ ಸೈರನ್ ಕೇಳಿಸಿತು. ಎಣಿಕೆ ನಿಲ್ಲಲಿಲ್ಲ, ಬಾಯಿ ತನ್ನಷ್ಟಕ್ಕೆ ಎಣಿಸುತ್ತಿತ್ತು. ಕಣ್ಣು ಮಾತ್ರ ಕ್ರೇನಿನ ದೀಪದ ಮೇಲಿತ್ತು. ನೂರಾ ಮೂವತ್ತೆರಡಕ್ಕೆ ದೂರದಲ್ಲಿ ಬಂಡೆ ಉರುಳಿದಂಥ ಸದ್ದು ಬಂತು. ಆಮೇಲೆ ಫೋನು ತೆಗೆದು ಮಗಳಿಗೆ ಕರೆ ಮಾಡಿದೆ. ಕರೆಯ ಹೊತ್ತು ಎಂಟೂ ಹದಿನಾರು ಎಂಬುದು ಸರಿ. ಅಪಘಾತವಾಗಿದ್ದು ಅದಕ್ಕೆ ಎರಡು ನಿಮಿಷಕ್ಕೂ ಮೊದಲು.

ಊಟ ಆಯಿತೇ ಎಂದು ಕೇಳಲು ಕರೆ ಮಾಡಲಿಲ್ಲ. ಉಲ್ಕೆಯ ಸುದ್ದಿ ಹೇಳಲೂ ಅಲ್ಲ. ಸೈರನ್ ಕೇಳಿಸಿತ್ತು, ಕ್ರೇನಿನಲ್ಲಿ ನನ್ನ ಮಗಳಿದ್ದಳು. ಅವಳು ಬದುಕಿದ್ದಾಳೆಯೇ ಎಂದು ತಿಳಿಯಬೇಕಿತ್ತು. ಅವಳು ಎತ್ತಲಿಲ್ಲ. ಬೆಳಿಗ್ಗೆ ಆರರ ತನಕ ನಾನು ಸ್ಥಳ ಬಿಟ್ಟು ಕದಲುವ ಹಾಗಿರಲಿಲ್ಲ. ಕದಲಲಿಲ್ಲ.

ಸೈರನ್ನನ್ನೂ ನಾನು ಪುಸ್ತಕದಲ್ಲಿ ಬರೆದಿಲ್ಲ. ಅಲ್ಲಿ ಜಾಗವಿರಲಿಲ್ಲ. ಇಲ್ಲ ಎಂದು ಆಗಲೇ ಬರೆದಾಗಿತ್ತು.

ಮಗಳ ಕೈ ತಪ್ಪಿದ್ದರ ಬಗ್ಗೆ ತೀರ್ಮಾನ ನಿಮ್ಮದು. ಫೋನಿನಿಂದ ತಪ್ಪಲಿಲ್ಲ ಎಂಬುದಕ್ಕೆ ನಾನು ಸಾಕ್ಷಿ. ಇದಕ್ಕೆ ನೀವು ಕೊಡುವ ಶಿಕ್ಷೆಗೆ ಸಿದ್ಧನಿದ್ದೇನೆ. ಗಾಜಿನ ಕಪಾಟಿನಲ್ಲಿ ಇಡಲು ಬೇರೆ ಯಾರದಾದರೂ ಪುಸ್ತಕ ಹುಡುಕಬೇಕಾಗಿ ವಿನಂತಿ.

ತಮ್ಮ ವಿಧೇಯ,
ಕಾವಲುಗಾರ

(ಇದರ ಒಂದು ನಕಲು ನನ್ನ ಮಗಳಿಗೆ, ಇನ್ನೊಂದು ಆಸ್ಪತ್ರೆಯಲ್ಲಿರುವ ಕಾರ್ಮಿಕನಿಗೆ.)


ಏಪ್ರಿಲ್ 9

ಅಪ್ಪನಿಗೆ,

ಇನ್ನು ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ. ಆದರೆ ನಾನು ತಣ್ಣಗಾಗಿದ್ದೇನೆ ಎಂದುಕೊಳ್ಳಬೇಡಿ.

ಆದೇಶ ಬಂತು. ಫೋನಿನ ಆರೋಪ ಕೈಬಿಟ್ಟಿದ್ದಾರೆ. ಅನಿರೀಕ್ಷಿತ ಬೆಳಕಿನಿಂದ ಆದ ಅಪಘಾತ ಎಂದು ಬರೆದಿದ್ದಾರೆ. ಮತ್ತೆ ಕ್ರೇನು ನಡೆಸುವ ಪರೀಕ್ಷೆ ತೆಗೆದುಕೊಂಡರು, ಪಾಸಾದೆ. ಮೇಸ್ತ್ರಿ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೆ. ನಿಮ್ಮನ್ನು ಕಾವಲಿನಿಂದ ತೆಗೆದು, ಬೀಳ್ಕೊಡುಗೆಯೂ ಇಲ್ಲದೆ ಮನೆಗೆ ಕಳಿಸಿದರು ಎಂದು ಅಮ್ಮ ಹೇಳಿದಳು. ಅಮ್ಮ ನಿಮ್ಮ ಜೊತೆ ಮಾತಾಡುತ್ತಿದ್ದಾಳೆ ಎಂದೂ ಹೇಳಿದಳು. ಅವಳಿಗೆ ಸಿಟ್ಟು ಇಳಿಯಿತು. ನನಗೆ ಇಳಿದಿಲ್ಲ.

ಇಷ್ಟು ದಿನ ನೀವು ಸಂಭ್ರಮಕ್ಕೆ ಫೋನು ಮಾಡಿದಿರಿ ಎಂದುಕೊಂಡಿದ್ದೆ. ಆಕಾಶ ನೋಡು ಪುಟ್ಟಿ ಎನ್ನಲು. ಅದಕ್ಕೇ ಅಷ್ಟು ಸಿಟ್ಟಿತ್ತು. ನೀವು ಸೈರನ್ ಕೇಳಿ ಮಾಡಿದಿರಿ ಎಂದು ತಿಳಿದ ಮೇಲೆ ಅದಕ್ಕೂ ಹೆಚ್ಚು ಸಿಟ್ಟು ಬಂದಿದೆ. ಕರೆ ಆಮೇಲೆ ಬಂದದ್ದು ನಿಮಗೆ ಮೊದಲ ದಿನದಿಂದ ಗೊತ್ತಿತ್ತು. ಮಗಳು ಸತ್ತಳೇನೋ ಎಂದು ನಡುಗಿದ ಅಪ್ಪ, ಅವಳು ಬದುಕಿದ್ದಾಳೆ ಎಂದು ತಿಳಿದ ಮರುದಿನವೇ ಊಟ ಆಯ್ತಾ ಎಂದು ಸುಳ್ಳು ಹೇಳಿದ. ಇದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ? ಒಂದು ಗೀಟು ಹೊಡೆಯಲು ಮೂರೂವರೆ ತಿಂಗಳು ಬೇಕಾಯಿತೇ ಅಪ್ಪಾ?

ಮೊನ್ನೆ ಮೀಸೆಯನ್ನು ನೋಡಲು ಹೋಗಿದ್ದೆ. ಮನೆಗೆ ಬಂದಿದ್ದಾನೆ. ಮೀಸೆ ಮತ್ತೆ ಬೆಳೆಯುತ್ತಿದೆ, ಸದ್ಯಕ್ಕೆ ಹಲ್ಲುಜ್ಜುವ ಬ್ರಶ್ಶಿನ ಹಾಗಿದೆ. ಅವನೇ ಹೇಳಿದ:

"ನಿಮ್ಮಪ್ಪ ಫೆಬ್ರವರಿ ಕೊನೇಲಿ ಆಸ್ಪತ್ರೆಗೆ ಬಂದಿದ್ರು ಕಣಮ್ಮ. ಒಂದು ಗಂಟೆ ಕೂತಿದ್ರು. ಎದ್ದು ಹೋಗೋವಾಗ ಮಂಚದ ಕೆಳಗೆ ನನ್ನ ಚಪ್ಪಲಿ ಚೆಲ್ಲಾಪಿಲ್ಲಿ ಬಿದ್ದಿತ್ತಲ್ಲ, ಬಗ್ಗಿ ಜೋಡಿಸಿಟ್ರು. ಎರಡನ್ನೂ. ಆಮೇಲೆ ಎಡಗಾಲಿನದನ್ನ ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತುಬಿಟ್ರು. ನಾನೇ ಕೆಳಗಿಡಿ ಅಂದೆ."

ನೀವು ಇದನ್ನು ನನಗೆ ಹೇಳಲಿಲ್ಲ. ಹೇಳಬೇಕಾದದ್ದನ್ನು ಹೇಳದಿರುವುದು ನಿಮಗೆ ರೂಢಿಯಾಗಿಹೋಗಿದೆ.

"ನಾನಂತೂ ಇನ್ನು ಕೊಕ್ಕೆ ಕೆಳಗೆ ನಿಲ್ಲೋಕೆ ಆಗಲ್ಲ. ನೀನು ಹತ್ತು" ಎಂದ ಮೀಸೆ. ನಿನ್ನೆ ಹತ್ತಿದೆ. ಕೆಳಗೆ ಹೊಸಬನೊಬ್ಬ ನಿಂತಿದ್ದ. ನಿಮಿಷಕ್ಕೊಮ್ಮೆ ಮೇಲೆ ನೋಡುತ್ತಿದ್ದ, ನೋಡಲಿ. ಕ್ಯಾಬಿನ್ನಿನ ದೀಪಕ್ಕೆ ಕೈ ಹೋಯಿತು. ಆರಿಸಿ ಹೊತ್ತಿಸಲಿಲ್ಲ. ಗೋಪುರದಲ್ಲಿ ಈಗ ಯಾರೋ ಬೇರೆಯವರಿದ್ದಾರೆ.

ಒಂದು ವಿಷಯಕ್ಕೆ ಬರೆಯಬೇಕಾಯಿತು. ಉಲ್ಕೆ ದಕ್ಷಿಣಕ್ಕೆ ಹೋಯಿತು, ಮುಂದಿನದು ಬೇಕಿಲ್ಲ ಎಂದು ಅಧಿಕಾರಿಗೆ ಬರೆದಿದ್ದೀರಿ. ಅವರಿಗೆ ಬೇಕಿಲ್ಲ, ಸರಿ. ಮುಚ್ಚಿದ ಕಣ್ಣು ತೆರೆದಾಗ ಅದು ಗೋದಾಮಿನ ಚಾವಣಿಯ ತನಕ ಬಂದಿತ್ತು, ಅಷ್ಟನ್ನು ನಾನೂ ನೋಡಿದೆ. ಅಷ್ಟರಲ್ಲಿ ಕೆಳಗೆ ನೋಡಬೇಕಾಯಿತು. ಆಮೇಲೆ ಅದು ಏನಾಯಿತು ಎಂದು ನನಗೆ ಗೊತ್ತಿಲ್ಲ. ಒಡೆಯಿತೇ, ಆರಿಹೋಯಿತೇ, ಸಮುದ್ರಕ್ಕೆ ಬಿತ್ತೇ? ದಿನಾ ಮಲಗುವಾಗ ಚಾವಣಿಯ ತನಕ ಬರುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ಬಂದರಿನಲ್ಲಿ ಅದನ್ನು ಕೊನೆಯ ತನಕ ನೋಡಿದವರು ನೀವೊಬ್ಬರೇ.

ಬರೆದು ಕಳಿಸಿ. ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ. ಓದಿದ ಮೇಲೂ ನನಗೆ ಸಿಟ್ಟು ಇರುತ್ತದೆ. ಆದರೂ ಬರೆಯಿರಿ.

ನಮಸ್ಕಾರ.

ನಿಮ್ಮ
ಪುಟ್ಟಿ